ಕೀಪರ್ ಆರಿಸಲು ಸರಿಯಾದ ಹೊತ್ತು

ಕಳೆದ ಯುಗಾದಿಯ ಮರುದಿನ, ಅಂದರೆ ಹೊಸತೊಡಕಿನ ಮಧ್ಯಾಹ್ನ, ರಾಜಾನುಕುಂಟೆ ಬಳಿಯ ನಮ್ಮ ಬಡಾವಣೆಯಲ್ಲಿ ನಾನು ಗಿರೀಶನ ಹೆಸರು ಹೇಳಿದೆ. ಅದೇ ಹೊತ್ತಿಗೆ ಗಿರೀಶ ಸಂಜಯನಗರದ ಅಕ್ಕನ ಮನೆಯ ಮೆಟ್ಟಿಲಿನಿಂದ ಜಾರಿ ಬಿದ್ದ.

ಹಿನ್ನೆಲೆ ಹೀಗಿದೆ. ಬಡಾವಣೆಯ ಖಾಲಿ ಸೈಟಿನಲ್ಲಿ ಭಾನುವಾರಗಳಂದು ಯುವಕರ ನಾಲ್ಕು ತಂಡಗಳು ಟೆನಿಸ್ ಬಾಲ್ ಕ್ರಿಕೆಟ್ ಆಡುತ್ತವೆ. ಆಡುವ ವಯಸ್ಸು ದಾಟಿದ ನಾನು ಮತ್ತು ಮುನಿರಾಜಣ್ಣ ಆ ಆಟಗಾರರನ್ನೇ ಸರದಿಯಂತೆ ಆರಿಸಿ, ಕಾಗದದ ಮೇಲೆ ಒಂದೊಂದು ತಂಡ ಕಟ್ಟುತ್ತೇವೆ. ಅವರು ಹೊಡೆದ ರನ್ನು, ಹಿಡಿದ ಕ್ಯಾಚು ನಮಗೆ ಅಂಕ. ವಾರವಾರವೂ ಹೊಸ ಆಯ್ಕೆ. ಕೊನೆಯ ಭಾನುವಾರ ಒಟ್ಟು ಅಂಕದಲ್ಲಿ ಸೋತವರು ಒಂದು ವರ್ಷ ಬಡಾವಣೆ ಸಂಘದ ಕಾರ್ಯದರ್ಶಿ ಆಗಬೇಕು. ಕಸ, ಬೋರ್‌ವೆಲ್, ಬೀದಿನಾಯಿ ಎಲ್ಲದಕ್ಕೂ ಫೋನ್ ಬರುವ ಹುದ್ದೆ ಅದು. ಹಿಂದಿನವರು ಮನೆಯನ್ನೇ ಮಾರಿ ಹೋದರು!

ನಮ್ಮ ಕಾಗದದ ತಂಡಕ್ಕೆ ವಿಕೆಟ್ ಕೀಪರ್ ಕಡ್ಡಾಯ. ಊರಿಗೆಲ್ಲ ಇರುವುದು ನಾಲ್ವರೇ. ಬೇಗ ಆರಿಸಿದರೆ ಒಳ್ಳೆಯ ಬ್ಯಾಟ್ಸ್‌ಮನ್ ಕೈತಪ್ಪುತ್ತಾನೆ, ತಡಮಾಡಿದರೆ ಒಳ್ಳೆಯ ಕೀಪರ್. ಪತ್ರಿಕೆಯಲ್ಲಿ ವರ್ಷಗಟ್ಟಲೆ ಕ್ರೀಡಾಪುಟ ತಿದ್ದಿದ ನನಗೆ ಸಂಶಯವೇ ಇರಲಿಲ್ಲ. ಕೀಪರ್ ಕೊನೆಗೆ!

ಹಾಗಾಗಿ ಗಿರೀಶನನ್ನು ಕೊನೆಯ ಸುತ್ತಿನಲ್ಲಿ ಆರಿಸಿದೆ. ಅವನು ಬಿದ್ದ ಸುದ್ದಿ ಫೋನಿನಲ್ಲಿ ಬಂದಾಗ ನಾವು ಮುನಿರಾಜಣ್ಣನ ಮನೆಯಲ್ಲಿದ್ದೆವು; ಅವರು ಬಾಡೂಟದ ಎಲೆಯಿಂದ ಕೈ ಎತ್ತಿದರು. ಈ ಬಡಾವಣೆ ಒಂದು ಕಾಲಕ್ಕೆ ಅವರದೇ ರಾಗಿ ಹೊಲ.

"ಒಸತೊಡಕಿನ ದಿನ ಏನಾಯ್ತದೋ ವರ್ಸವೆಲ್ಲ ಅದೇ ಆಯ್ತದೆ ಸಾ."

ಅವರ ಮನೆಯವರು ಯಾರೂ ನಗಲಿಲ್ಲ. ನಾನೊಬ್ಬನೇ ನಕ್ಕೆ.

ಮುಂದಿನ ವಾರ ಸಿದ್ಧಾಂತ ತಿದ್ದಿಕೊಂಡು, ಮೊದಲ ಸುತ್ತಿನಲ್ಲೇ ನಾಗರಾಜನನ್ನು ಆರಿಸಿದೆ. ಬೆಳಗಾಗುವಷ್ಟರಲ್ಲಿ ಅವನ ಬಲಗೈ ಊದಿಕೊಂಡಿತ್ತು. ಏನು ಕಚ್ಚಿತೆಂದು ಡಾಕ್ಟರಿಗೂ ತಿಳಿಯಲಿಲ್ಲ.

ಮೂರನೆಯ ಕೀಪರ್ ಸಲೀಂ ತಾನಾಗಿ ನನ್ನ ಗೇಟಿನ ಬಳಿ ಬಂದ. ಒಳಗೆ ಬರಲಿಲ್ಲ.

"ಅಂಕಲ್, ಪ್ಲೀಸ್, ನನ್ನ ಮಾತ್ರ ತಗೋಬೇಡಿ. ಮುಂದಿನ ವಾರ ನನ್ನ ಎಂಗೇಜ್‌ಮೆಂಟ್."

"ಎಲ್ಲಾ ಮೂಢನಂಬಿಕೆ ಕಣೋ," ಎಂದೆ. ಆದರೂ ಮಾತು ಕೊಟ್ಟೆ. ಹೆಸರನ್ನು ಬಾಯಿಗೆ ತರಲಿಲ್ಲ. ನಡುವಿನ ಸುತ್ತಿನಲ್ಲಿ ಇವನು ಸಿಕ್ಕಿದ್ದರೆ ಚೆನ್ನಾಗಿತ್ತು ಎಂದು ಮನಸ್ಸಿನಲ್ಲಿ ಅಂದುಕೊಂಡೆ, ಅಷ್ಟೇ. ನಿಶ್ಚಿತಾರ್ಥದ ಫೋಟೋಗಳಲ್ಲಿ ಸಲೀಂ ಒಂಟಿ ಕಾಲಿನ ಮೇಲೆ ನಿಂತಿದ್ದಾನೆ.

ಆಮೇಲೆ ಬೀದಿ ಬದಲಾಯಿತು. ನಾನು ಗೇಟು ತೆಗೆದರೆ ಎದುರಿನ ಬಾಗಿಲುಗಳು ಸದ್ದಿಲ್ಲದೆ ಮುಚ್ಚಿಕೊಳ್ಳುತ್ತಿದ್ದವು. ನಾಯಿಗಳು ಬೊಗಳುವುದನ್ನು ನಿಲ್ಲಿಸಿದವು. ಒಂದು ಸಂಜೆ ಕರೆಂಟ್ ಹೋದಾಗ ವಾಕಿಂಗ್ ಹೊರಟೆ. ಕಟ್ಟುತ್ತಿರುವ ಮನೆಗಳಿಗೆ ದೃಷ್ಟಿಗೊಂಬೆ, ಬೂದುಗುಂಬಳಕಾಯಿ ನೇತುಹಾಕುವುದು ವಾಡಿಕೆ. ಕೋರೆಹಲ್ಲಿನ ಆ ಗೊಂಬೆಗಳು ರಸ್ತೆ ನೋಡುವುದನ್ನು ಬಿಟ್ಟು ನನ್ನ ಮನೆಯತ್ತ ತಿರುಗಿದ್ದವು. ಎಲ್ಲವೂ. ಗಾಳಿ ಇರಲಿಲ್ಲ.

ಮನೆಗೆ ಓಡಿ ಬಂದು ಹೆಂಡತಿ ಸುಧಾಗೆ ಹೇಳಿದೆ: "ಮೊದಲು ತಗೊಂಡ್ರೂ ಹಿಂಗೆ, ಕೊನೆಗೆ ತಗೊಂಡ್ರೂ ಹಿಂಗೆ. ಕೀಪರ್‌ನ ಯಾವಾಗ ತಗೋಬೇಕು ಅಂತಾನೇ ಗೊತ್ತಾಗ್ತಿಲ್ಲ ಕಣೇ."

"ಯಾವಾಗ ತಗೊಂಡ್ರೇನು, ತಗೊಳ್ಳೋರು ನೀವೇ ತಾನೇ?"

ಅವಳು ಅಡುಗೆಮನೆಯ ಬಾಗಿಲಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟುತ್ತಿದ್ದಳು. ನಾನು ಕೂರುವ ಕುರ್ಚಿಗೆ ಸರಿಯಾಗಿ ಎದುರು!

ಕೊನೆಯ ಭಾನುವಾರ ನಾಲ್ಕನೆಯ ಕೀಪರ್ ಚಿಕ್ಕಜಾಲದ ಮಾವನ ಮನೆ ಸೇರಿ ಫೋನ್ ಆಫ್ ಮಾಡಿಕೊಂಡ. ಅಂಕದಲ್ಲಿ ನಾನು ಹಿಂದಿದ್ದೆ. ಕೀಪರ್‌ನ ಅಂಕ ಸಿಕ್ಕರೆ ಮಾತ್ರ ಕಾರ್ಯದರ್ಶಿ ಪದವಿಯಿಂದ ಪಾರು.

"ಕೀಪರ್ ಇಲ್ದೆ ಆಟ ಎಂಗೆ ಸಾ? ಎರಡು ಕಡೀಕೂ ನೀವೇ ನಿಂತ್ಕಳಿ," ಎಂದರು ಮುನಿರಾಜಣ್ಣ. "ನಿಮ್ ದೃಷ್ಟಿ ನಿಮಗೆ ತಾಗಾಕಿಲ್ಲ."

"ನಿಮ್ಮ ತಂಡಕ್ಕೂ ನನ್ನನ್ನೇ ಬರ್ಕೊಳ್ತೀರಾ?"

"ಬ್ಯಾಡ ಸಾ. ನಂಗೆ ಮೊಮ್ಮಕ್ಕಳವ್ರೆ."

ನಾನು ಗ್ಲೌಸ್ ತೊಟ್ಟು, ಕಟ್ಟುತ್ತಿರುವ ಮನೆಯೊಂದರ ಪಕ್ಕದಲ್ಲಿ, ವಿಕೆಟ್ ಹಿಂದೆ ನಿಂತೆ. ನಿಯಮದಂತೆ ಆರಿಸಿದವನ ಹೆಸರನ್ನು ಗಟ್ಟಿಯಾಗಿ ಹೇಳಬೇಕು. ಹೇಳಿದೆ. ನನ್ನದೇ ಹೆಸರು. ಸೈಟಿನ ಸುತ್ತ ನಿಂತವರೆಲ್ಲ ಒಟ್ಟಿಗೆ ಹಿಂದೆ ಸರಿದರು. ಬೌಲರ್ ಇನ್ನೂ ಓಡಲು ಶುರುಮಾಡಿರಲಿಲ್ಲ. ಮೇಲೆ, ಬೂದುಗುಂಬಳಕಾಯಿಯ ಹಗ್ಗ ಕಳಚಿತು.

ನನ್ನ ಬಲಗೈಗೆ ಪ್ಲಾಸ್ಟರ್ ಹಾಕಲಾಗಿದೆ. ಬಡಾವಣೆ ಸಂಘದ ಕಳೆದ ಸಭೆಯ ನಡಾವಳಿಯನ್ನು ಹೊಸ ಕಾರ್ಯದರ್ಶಿ ಎಡಗೈಯಲ್ಲಿ ಬರೆದಿದ್ದಾರೆ.