ಅಡ್ಡ ಬರುವ ಬೆಕ್ಕನ್ನೇ ಸಾಕಿದ ಕಾಕಾ

ನಮ್ಮ ಕಾಕಾ ಬೈಲಹೊಂಗಲದಿಂದ ಸವದತ್ತಿಗೆ ಹೊರಟರೆ ಎಷ್ಟು ಹೊತ್ತಿಗೆ ಮುಟ್ಟುತ್ತಾರೆ ಎಂಬುದು ಬಸ್ಸಿನ ಕೈಯಲ್ಲಿಲ್ಲ, ನಮ್ಮ ಓಣಿಯ ಬೆಕ್ಕುಗಳ ಕೈಯಲ್ಲಿದೆ! ಬೆಕ್ಕು ಅಡ್ಡ ಬಂದರೆ ಒಂದು ಗಳಿಗೆ ನಿಂತು ಹೋಗುವವರನ್ನು ನೀವೂ ನೋಡಿರುತ್ತೀರಿ. ಕಾಕಾ ಹಾಗಲ್ಲ. ಪೂರಾ ಮನೆಗೆ ತಿರುಗಿ ಬಂದು, ಚಪ್ಪಲಿ ಬಿಟ್ಟು, ಕಾಲು ತೊಳೆದು, ಕೂತು, ತಂಬಿಗೆ ನೀರು ಕುಡಿದು, ಆಮೇಲೆಯೇ ಮತ್ತೆ ಹೊರಡುವವರು. ಅಷ್ಟರಲ್ಲಿ ಅದೇ ಬೆಕ್ಕು ತನ್ನ ಕೆಲಸ ಮುಗಿಸಿ ವಾಪಸು ಬರುವ ಹೊತ್ತಾಗಿರುತ್ತದೆ. ಮತ್ತೆ ಅಡ್ಡ! ಕಾಕಾ ಮತ್ತೆ ಮನೆಗೆ! ಯಾಕೆ ತಡವಾಯಿತು ಎಂದು ಯಾರಾದರೂ ಕೇಳಿದರೆ ಮಾತ್ರ ಬೆಕ್ಕಿನ ಸುದ್ದಿಯನ್ನೇ ಎತ್ತುವುದಿಲ್ಲ. "ಬಸ್ ತಪ್ಪಿತ್ರೀ" ಎಂದು ಮುಗಿಸಿಬಿಡುತ್ತಾರೆ.

ಹೆಣ್ಣು ನೋಡಲು, ಅಂದರೆ ಈಗಿನ ನಮ್ಮ ಕಾಕುವನ್ನು ನೋಡಲು, ರಾಮದುರ್ಗಕ್ಕೆ ಹೊರಟ ದಿನವೂ ಹೀಗೇ ಆಗಿ, ಬೆಳಗಿನ ಉಪ್ಪಿಟ್ಟಿಗೆ ಬರಬೇಕಾದ ವರ ಸಂಜೆ ದೀಪ ಹಚ್ಚುವಾಗ ಮುಟ್ಟಿದರಂತೆ. "ಆ ಬೆಕ್ಕ ಇನ್ನೊಂದ ಸಲ ಅಡ್ಡ ಬಂದಿದ್ರ ನಾ ಪಾರ ಆಗತಿದ್ನಿ ನೋಡು" ಎಂದು ಕಾಕು ಇಂದಿಗೂ ಆ ಬೆಕ್ಕನ್ನು ಬೈಯುತ್ತಾರೆ.

ಇಂಥ ಕಾಕಾ ಹೋದ ವರ್ಷ ಒಂದು ಬೆಕ್ಕು ಸಾಕಿದರು! ನಮ್ಮ ಅಪ್ಪ ತೀರಿಕೊಂಡು ಇನ್ನೂ ಹೆಚ್ಚು ದಿನ ಆಗಿರಲಿಲ್ಲ. ಕಟಕೋಳದ ಗಿರಾಕಿಯೊಬ್ಬರ ಮನೆಗೆ ಕೋಟಿನ ಅಳತೆ ತೆಗೆದುಕೊಳ್ಳಲು ಹೋದವರು ಕೈಚೀಲದಲ್ಲಿ ಒಂದು ಬಿಳಿ ಬೆಕ್ಕು ಹಾಕಿಕೊಂಡು ಬಂದರು. ನಾನೂ ಅಲ್ಲೇ ಇದ್ದೆ. ಚೀಲದಿಂದ ತಲೆ ಹೊರಗೆ ಹಾಕಿದ ಬೆಕ್ಕನ್ನು ನೋಡಿ ಕಾಕು ದಂಗಾದರು.

"ಇದನ್ನ ಯಾಕ ತಂದ್ರಿ?"

"ಇಲಿ ಬರ್ತಾವ. ಕೋಟ ಕಡೀತಾವ."

"ನಮ್ಮ ಮನ್ಯಾಗ ಒಂದರ ಇಲಿ ನೋಡೀರೇನು?"

"ಇನ್ನ ಮುಂದ ನೋಡಂಗಿಲ್ಲ."

ಇದು ಉತ್ತರವೇ? ಹೌದೋ ಅಲ್ಲವೋ ತಿಳಿಯುವ ಮೊದಲೇ ಬೆಕ್ಕು ಕಾಕಾನ ಮುಂದಿನಿಂದ ಎಡಕ್ಕೊಮ್ಮೆ, ಬಲಕ್ಕೊಮ್ಮೆ ದಾಟಿತು. ನಾನು ತಂಬಿಗೆ ತರಲು ಎದ್ದೆ. ಕಾಕಾ ಮಾತ್ರ ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ಕಾದ ಹಂಚಿನ ಮೇಲೆ ಕಾಲಿಡುವವರ ಹಾಗೆ ಒಂದು ಹೆಜ್ಜೆ ಮುಂದಿಟ್ಟರು. ನಾನು ಕಾಕುವಿನ ಮುಖ ನೋಡಿದೆ, ಕಾಕು ನನ್ನ ಮುಖ ನೋಡಿದರು.

ಕಾಕಾ ದರ್ಜಿ. ಸಾದಾ ದರ್ಜಿಯಲ್ಲ, ವಕೀಲರ ಕರಿ ಕೋಟು ಹೊಲಿಯುವುದರಲ್ಲಿ ಎತ್ತಿದ ಕೈ. ಕೋರ್ಟಿನ ಹತ್ತಿರ ಅಂಗಡಿ. ಕರಿ ಕೋಟು ಹೊಲಿಯುವವನು ಬಿಳಿ ಬೆಕ್ಕು ತರಬಹುದೇ? ತಂದರೂ ದಿನಾ ಅಂಗಡಿಗೆ ಕರೆದೊಯ್ಯಬಹುದೇ? ಅದರ ಕೂದಲು ಉದುರುವ ಚಂದವನ್ನು ಏನೆಂದು ಹೇಳಲಿ! ಹಿಂಜಿ ಬಿಟ್ಟ ಹತ್ತಿಯ ಹಾಗೆ ಎಲ್ಲೆಲ್ಲೂ ಹಾರಾಟ. ನಮ್ಮ ಕಡೆ ಹತ್ತಿಗೆ ಅರಳಿ ಅನ್ನುತ್ತೇವೆ. ಬೆಕ್ಕಿಗೂ ಅದೇ ಹೆಸರು ನಿಂತಿತು. ಅರಳಿ ಮಲಗಲು ಆರಿಸಿಕೊಂಡದ್ದು ಇಸ್ತ್ರಿ ಮಾಡಿಟ್ಟ ಕೋಟುಗಳ ರಾಶಿಯನ್ನೇ. ಹಿರಿಯ ವಕೀಲರೊಬ್ಬರು ಹೊಸ ಕೋಟನ್ನು ಬೆಳಕಿಗೆ ಹಿಡಿದು ಕೇಳಿದರು:

"ಮಾಸ್ತರ, ನಾ ಕೋಟ ಹೊಲ್ಯಾಕ ಕೊಟ್ಟಿದ್ನೋ, ಕಂಬಳಿ ನೇಯಾಕ ಕೊಟ್ಟಿದ್ನೋ?"

"ಥಂಡಿ ದಿನ ಬರಾಕ್ಹತ್ಯಾವ್ರಿ ಸಾಹೇಬ್ರ, ಬೆಚ್ಚಗ ಇರತೈತಿ!"

ಕೂದಲು ತೆಗೆಯಲು ಕಾಕಾ ಒಂದು ಉಪಾಯ ಹುಡುಕಿದರು. ಚಪಾತಿ ಹಿಟ್ಟಿನ ಉಂಡೆಯನ್ನು ಕೋಟಿನ ಮೇಲೆ ಉರುಳಿಸಿದರೆ ಕೂದಲೆಲ್ಲ ಅದಕ್ಕೆ ಅಂಟುತ್ತವೆ. ನಿಜವಾಗಿಯೂ ಅಂಟಿದವು. ಆದರೆ ಒಂದು ಭಾನುವಾರ ಮನೆಯಲ್ಲೇ ಕೋಟು ಉಜ್ಜಿ, ಆ ಉಂಡೆಯನ್ನು ಮರೆತು ಅಡುಗೆಕಟ್ಟೆಯ ಮೇಲೆಯೇ ಇಟ್ಟುಬಿಟ್ಟರು. ಅಂದು ಊಟಕ್ಕೆ ಹೋದವನು ನಾನು! ಚಪಾತಿಗೆ ಮೀಸೆ ಬಂದದ್ದನ್ನು ನಾನು ನೋಡಿದ್ದು ಅದೇ ಮೊದಲು. ಅದರ ಮೇಲೆ ಕಾಕಾ, "ತೆಗದು ತಿನ್ನಪಾ, ಅದೇನ ಪರಕೀ ಬೆಕ್ಕಲ್ಲ" ಎಂದು ಸಮಾಧಾನ ಬೇರೆ ಹೇಳಿದರು.

ಇಷ್ಟಾದರೆ ಹೇಗೋ ನಡೆಯುತ್ತಿತ್ತು. ಆಮೇಲೆ ಸೀನು ಶುರುವಾಯಿತು. ಒಂಟಿ ಸೀನು ಅಪಶಕುನ, ಎರಡು ಸೀನಿದರೆ ಶುಭ ಎಂಬುದು ನಮ್ಮ ಮನೆಯ ಹಳೆಯ ಲೆಕ್ಕ. ಕಾಕಾ ಅದನ್ನು ಅಂಗಡಿಗೂ ತಂದಿದ್ದರು. ಅರಿವೆಗೆ ಕತ್ತರಿ ಹಾಕುವಾಗ ಯಾರಾದರೂ ಒಂದು ಸಲ ಸೀನಿದರೆ, ಎರಡನೆಯ ಸೀನು ಬರುವ ತನಕ ಕತ್ತರಿ ಬಾಯಿ ತೆರೆಯುವಂತಿಲ್ಲ. ಈಗ ಸೀನುವವರು ಸ್ವತಃ ಮಾಸ್ತರರೇ! ಅಂಗಡಿಯಲ್ಲಿದ್ದವರೆಲ್ಲ ಎರಡನೆಯ ಸೀನಿಗಾಗಿ ಉಸಿರು ಬಿಗಿಹಿಡಿದು ಕಾಯುವುದನ್ನು ನಾನೇ ಕಂಡಿದ್ದೇನೆ.

"ಬಂತೇನ್ರಿ ಮಾಸ್ತರ?"

"ತಡೀರಿ... ಬರಾಕ್ಹತ್ತೈತಿ... ಬರಾಕ್ಹತ್ತೈತಿ... ಏ, ಹೋತ್ರಿ!"

ಕೊನೆಗೆ ವಕೀಲರೇ ತಪಕೀರಿನ ಡಬ್ಬಿ ತಂದುಕೊಟ್ಟರು. ಒಂದು ಚಿಟಿಕೆ ನಶ್ಯ ಮೂಗಿಗೆ ಏರಿಸಿದ ಕೂಡಲೇ ಎರಡನೆಯದು ಬಂತು. ಎಲ್ಲರೂ ನಿಟ್ಟುಸಿರು ಬಿಡುವಷ್ಟರಲ್ಲಿ ಮೂರನೆಯದೂ ಬಂತು!

ಈ ಸೀನು ಎಲ್ಲಿಂದ ಬರುತ್ತದೆ? ಕಾಕಾನ ಪ್ರಕಾರ ಮೊದಲು ಒಗ್ಗರಣೆಯಿಂದ. ಕಾಕು ಒಗ್ಗರಣೆ ಬಿಟ್ಟರು. ಆಮೇಲೆ ಊದಿನಕಡ್ಡಿಯಿಂದ. ದೇವರಿಗೆ ಊದಿನಕಡ್ಡಿ ನಿಂತಿತು. ಆಮೇಲೆ ಹೊಸ ಅರಿವೆಯ ಗಂಜಿಯಿಂದ, ಆಮೇಲೆ ನಾನು ಹಚ್ಚಿಕೊಳ್ಳುವ ಪೌಡರಿನಿಂದ. ನಾನೂ ಒಂದು ವಾರ ಹೊರಗೇ ಕೂತೆ. ಅವರ ತೊಡೆಯ ಮೇಲೆ ಕೂತು ಮೈ ನೆಕ್ಕಿಕೊಳ್ಳುವ ಅರಳಿಯೊಂದನ್ನು ಬಿಟ್ಟು ಮನೆಯಲ್ಲಿ ಎಲ್ಲರೂ, ಎಲ್ಲವೂ ತಪ್ಪಿತಸ್ಥರು! ಸಣ್ಣ ಮಗುವಿಗೂ ತಿಳಿಯುವ ಸಂಗತಿ ಅಷ್ಟು ಶಾಣ್ಯಾ ಮನುಷ್ಯನಿಗೆ ಯಾಕೆ ತಿಳಿಯುತ್ತಿಲ್ಲ ಎಂದು ನಾನು ತಲೆ ಕೆರೆದುಕೊಂಡೆ.

ಕಾಕಾನ ಕಣ್ಣು ಬಾತುಕೊಂಡು, ಎದೆಯಲ್ಲಿ ಸುಂಯ್ ಸುಂಯ್ ಸದ್ದು ಶುರುವಾದಾಗ ಅವರನ್ನು ಎಳೆದುಕೊಂಡೇ ಡಾಕ್ಟರ ಹತ್ತಿರ ಹೋದೆ. ಅವರು ಕಾಕಾನ ಅಂಗಿಯ ಮೇಲಿನ ಬಿಳಿ ಕೂದಲೊಂದನ್ನು ಎತ್ತಿ ಹಿಡಿದು, "ಇದೇ ಅಲರ್ಜಿ" ಎಂದರು.

"ಇದಕ್ಕೊಂದು ಇಂಜೆಕ್ಷನ್ ಇಲ್ಲೇನ್ರೀ?"

"ನಿಮಗ ಗುಳಿಗಿ ಕೊಡತೇನಿ."

"ನನಗಲ್ರೀ, ಬೆಕ್ಕಿಗೆ! ಕೂದಲ ಉದರದಂಗ."

ಡಾಕ್ಟರು ನಗಲಿಲ್ಲ. "ಮನ್ಯಾಗ ಬೆಕ್ಕ ಇರಬೇಕೋ, ನೀವ ಇರಬೇಕೋ ನೋಡ್ರಿ" ಎಂದರು. ಕಾಕಾ ಹೊರಗೆ ಬಂದು ತಾವು ವಿಚಾರ ಮಾಡುವುದಾಗಿ ಹೇಳಿದರು! ಇದರಲ್ಲಿ ವಿಚಾರ ಮಾಡುವುದೇನಿದೆ?

ಮುಂದೆ ಎರಡು ದಿನಕ್ಕೆ ಕಾಕುವಿನ ಫೋನು. "ಉಸಿರು ಸಿಗಲಾರದ ಮಷಿನ್ ಮ್ಯಾಲ ಬಾಗಿ ಕುಂತಬಿಟ್ರಪಾ. ನನಗ ಅಂಜಿಕಿ ಬರಾಕ್ಹತ್ತೈತಿ. ಆ ಬೆಕ್ಕನ್ನ ಎಲ್ಲೆರ ಒಯ್ದು ಬಿಡು, ನಿನಗ ಕೈ ಮುಗೀತೇನಿ."

ಸಂಗೊಳ್ಳಿಯಲ್ಲಿ ನನ್ನ ತಂಗಿಯ ಮನೆ ಇದೆ. ದೊಡ್ಡ ಹಿತ್ತಲು, ಹಾಲಿಗೆ ಎಮ್ಮೆ. ಅರಳಿಗೆ ಇನ್ನೇನು ಬೇಕು? ಚೀಲ ಹಿಡಿದು ಹೋದೆ. ಕಾಕಾ ತಡೆಯಲಿಲ್ಲ. ಬೆಕ್ಕನ್ನು ಚೀಲಕ್ಕೆ ಹಾಕಿಕೊಂಡು ಹೊಸ್ತಿಲು ದಾಟುವಾಗ ಹಿಂದೆ ಒಂದು ಸೀನು!

"ಒಂಟಿ ಶೀನು. ಕುಂಡ್ರು. ನೀರ ಕುಡದು ಹೋಗು."

ಕೂತೆ, ಕುಡಿದೆ, ಎದ್ದೆ. ಮತ್ತೆ ಒಂದು ಸೀನು! ತಿರುಗಿ ನೋಡಿದರೆ ಕಾಕಾನ ಮುಷ್ಟಿಯಲ್ಲಿ ತಪಕೀರಿನ ಡಬ್ಬಿ!

"ಕಾಕಾ, ಏನ ನಡಸೀರಿ? ಬೆಕ್ಕ ಕಂಡ್ರ ಮನೀಗೆ ತಿರಗಿ ಬರಾವ್ರು ನೀವು. ಜೀವಾ ಹೋಗೂವಂಗ ಆದ್ರೂ ಇದನ್ಯಾಕ ಬಿಡವಲ್ರಿ? ನನಗೊಂದೂ ತಿಳೀವಲ್ದು!"

ಕಾಕಾ ಡಬ್ಬಿಯ ಮುಚ್ಚಳವನ್ನು ಎರಡು ಸಲ ತೆಗೆದು ಹಾಕಿದರು.

"ಅಣ್ಣ ದವಾಖಾನ್ಯಾಗ ಇದ್ದಾಗ ನೀ ಫೋನ್ ಮಾಡಿದ್ದೆಲ್ಲ, ಲಗೂನ ಬರ್ರಿ ಅಂತ. ಹೊಂಟಿದ್ನಿ. ಓಣಿ ತುದ್ಯಾಗ ಬೆಕ್ಕ ಅಡ್ಡ ಬಂತು."

ನನ್ನ ಕೈಯಲ್ಲಿದ್ದ ಚೀಲ ಭಾರವಾಯಿತು.

"ತಿರಗಿ ಬಂದ್ನಿ. ಕಾಲ ತೊಳಕೊಂಡ್ನಿ. ಕುಂತು ನೀರ ಕುಡದ್ನಿ. ಅಷ್ಟರಾಗ ಬಸ್ ಹೋತು."

ಅಂದು ಸವದತ್ತಿಯ ದವಾಖಾನೆಯಲ್ಲಿ ಅಪ್ಪನ ಪಕ್ಕ ನಾನಿದ್ದೆ. ಬಾಗಿಲು ಸಪ್ಪಳವಾದಾಗಲೆಲ್ಲ ಅಪ್ಪ "ತಮ್ಮ ಬಂದನೇನು?" ಎಂದು ಕೇಳುತ್ತಿದ್ದರು. ಕಾಕಾ ಬಂದಾಗ ಕೇಳುವವರು ಉಳಿದಿರಲಿಲ್ಲ. "ಬಸ್ ತಪ್ಪಿತು" ಎಂದರು. ನಾನು ನಂಬಿದ್ದೆ.

"ಅದಕ್ಕ ತಂದೇನಿ ಇದನ್ನ," ಎಂದರು ಕಾಕಾ. "ದಿನಾ ಅಡ್ಡ ಬರಲಿ. ದಿನಾ ನಾ ಮುಂದ ಹೋಗತೇನಿ. ಇನ್ನೊಮ್ಮೆ ಯಾರರ ಕರದ್ರ ನನ್ನ ಕಾಲು ಹಿಂದ ತಿರಗಬಾರದು."

ನನಗೆ ಅಳು ಬಂತು. ಕಾಕು ಒಳಬಾಗಿಲಲ್ಲಿ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದರು. ಅವರಿಗೂ ಇದು ಗೊತ್ತಿರಲಿಲ್ಲ.

ಅರಳಿ ಸಂಗೊಳ್ಳಿಗೆ ಹೋಗಲಿಲ್ಲ. ಕಾಕಾನ ಮನೆಯಲ್ಲೂ ಉಳಿಯಲಿಲ್ಲ. ಅವರ ಮನೆಗೂ ಅಂಗಡಿಗೂ ನಡುವೆ ನಮ್ಮ ಮನೆ ಇದೆ. ಈಗ ಬಿಳಿ ಕೂದಲು ನನ್ನ ಹಾಸಿಗೆಯಲ್ಲಿ, ನನ್ನ ಚಹಾದಲ್ಲಿ, ನನ್ನ ಮೂಗಿನಲ್ಲಿ! ಕಾಕಾನ ಎದೆಯ ಸದ್ದು ಇಳಿದಿದೆ, ಕಾಕುವಿನ ಸಾರಿಗೆ ಒಗ್ಗರಣೆ ಬಂದಿದೆ. ಬೆಳಿಗ್ಗೆ ಅಂಗಡಿಗೆ ಹೋಗುವಾಗ ಕಾಕಾ ಮೂಗಿಗೆ ವಸ್ತ್ರ ಹಿಡಿದು ನಮ್ಮ ಮನೆ ಮುಂದೆ ನಿಲ್ಲುತ್ತಾರೆ. ಅರಳಿ ಒಮ್ಮೊಮ್ಮೆ ಏಳುವುದೇ ಇಲ್ಲ. ನಾನೇ ಎಬ್ಬಿಸಿ ಹೊರಗೆ ದಬ್ಬುತ್ತೇನೆ. ಅದು ಮೈಮುರಿದು, ಆಕಳಿಸಿ, ರಸ್ತೆ ದಾಟುತ್ತದೆ. ಕಾಕಾನ ಬಲಗಾಲು ಈಗಲೂ ಒಂದು ಗಳಿಗೆ ಹಿಂದಕ್ಕೆ ಸರಿಯುತ್ತದೆ, ಆಮೇಲೆ ಮುಂದಕ್ಕೆ ಬರುತ್ತದೆ.

ಮೊನ್ನೆ ಹಾಗೆ ಮುಂದೆ ಹೆಜ್ಜೆ ಇಟ್ಟವರು, ವಸ್ತ್ರದೊಳಗೇ ಸಣ್ಣಗೆ, "ಬಂದ್ನೆಪಾ ಅಣ್ಣಾ, ಬಂದ್ನಿ" ಎಂದದ್ದು ನನಗೆ ಕೇಳಿಸಿತು. ಅದೇ ಹೊತ್ತಿಗೆ ನನಗೊಂದು ಸೀನು ಬಂತು. ತಡೆಯಲು ಎಷ್ಟು ಯತ್ನಿಸಿದರೂ ಆಗಲಿಲ್ಲ. ಒಂಟಿ ಸೀನು! ನಾನು ಬಾಯಿ ಮುಚ್ಚಿಕೊಂಡು ನೋಡುತ್ತಲೇ ನಿಂತೆ. ಕಾಕಾ ತಿರುಗಿ ನೋಡಲಿಲ್ಲ.