ಕಪ್ಪು ಕಾರಿನ ತಡವರಿಕೆ

ಹದಿನೆಂಟು ವರ್ಷ ಓಡಿದ ಕಪ್ಪು ಕಾರಿಗೆ ಮೂರು ಲಕ್ಷ. ಅದರ ಹಿಂದಿನ ಸೀಟು ಕಿತ್ತು ಹೆಣ ಮಲಗಿಸುವ ತಗಡಿನ ಮಂಚ ಕೂರಿಸಿದ್ದಕ್ಕೆ ಇಪ್ಪತ್ತೆರಡು ಸಾವಿರ. ಪ್ಲಗ್ಗು, ಗಾಳಿಯ ಫಿಲ್ಟರು, ಪೆಟ್ರೋಲ್ ಪಂಪು ಬದಲಿಸಿದ್ದಕ್ಕೆ ಮೂವತ್ತೊಂದು ಸಾವಿರ. ಇಷ್ಟಾದ ಮೇಲೂ ಎಕ್ಸಲೇಟರ್ ಜೋರಾಗಿ ಒತ್ತಿದರೆ ಕಾರು ಎರಡು ಕ್ಷಣ ಉಸಿರು ಹಿಡಿಯುತ್ತಿತ್ತು, ಬಿಕ್ಕುತ್ತಿತ್ತು, ಆಮೇಲೆ ಸಾಲ ಕೇಳಲು ಬಂದ ನೆಂಟನ ಹಾಗೆ ಮುಂದೆ ಬರಲೋ ಬೇಡವೋ ಎಂದು ತಡವರಿಸುತ್ತಿತ್ತು.

ಯಾರೋ ಸಾಹುಕಾರ ಕಾಲು ಚಾಚಿ ಕೂತು ಮೆರೆದ ಕಾರು ಅದು. ಈಗ ಅದರ ಮಾಲೀಕ ಹಿಂದೆ ಬಸ್ಸು ಓಡಿಸುತ್ತಿದ್ದ ಮನುಷ್ಯ; ಹೆಣ ಸಾಗಿಸುವ ಕೆಲಸಕ್ಕೆ ಇಳಿದ ದಿನವೇ ಜನ ಅವನಿಗೆ ‘ಕೊನೇ ಸ್ಟಾಪು’ ಎಂದು ಹೆಸರಿಟ್ಟಿದ್ದರು. ಕಾರು ಕೊಳ್ಳಲು ಕೂಡಿಟ್ಟ ದುಡ್ಡು ಸಾಲದೆ ಹೆಂಡತಿಯ ಮೂರು ಹೊಲಿಗೆ ಯಂತ್ರಗಳಲ್ಲಿ ಎರಡನ್ನು ಮಾರಿದ್ದ.

“ಸತ್ತವರಿಗೆ ಇಷ್ಟು ದೊಡ್ಡ ಕಾರು ಯಾಕ್ರೀ? ಅವರೇನು ಕಿಟಕಿ ತೆಗೆದು ಊರು ನೋಡ್ತಾರಾ?” ಎಂದು ಅವಳು ಕೇಳಿದ್ದಳು.

“ಅವರು ನೋಡಲ್ಲ. ಊರು ಅವರನ್ನ ನೋಡುತ್ತೆ” ಎಂದಿದ್ದ.

ಆ ದಿನ ಎರಡು ಸವಾರಿ ಇದ್ದವು. ಸ್ಮಶಾನದ ಗುಮಾಸ್ತ ಗೇಟಿನ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಅವನ ಫೋನ್ ನಂಬರು ಬರೆದು ಹೇಳಿದ್ದ: “ನಮ್ಮ ಹಳೇ ವ್ಯಾನು ಗುಜರಿಗೆ ಹೋಯ್ತು. ಇವತ್ತಿನ ಎರಡೂ ದೂರಿಲ್ಲದೆ ಬಂದ್ರೆ ಇದನ್ನ ಪೇಂಟಲ್ಲಿ ಬರೆಸ್ತೀನಿ. ಒಂದೇ ಒಂದು ದೂರು ಬಂದ್ರೂ ಒರೆಸ್ತೀನಿ.” ಬೋರ್ಡಿನಲ್ಲಿ ನಂಬರು ಉಳಿದರೆ ಮಾರಿದ ಯಂತ್ರಗಳು ವರ್ಷದೊಳಗೆ ಮನೆಗೆ ಮರಳುತ್ತಿದ್ದವು.

ಬೆಳಗಿನ ಸವಾರಿ ಒಬ್ಬ ಮರದ ವ್ಯಾಪಾರಿಯದು. ಹೆಣ ಮಲಗಿಸಿ, ಹಿರಿಯ ಮಗನನ್ನು ಮುಂದೆ ಕೂರಿಸಿಕೊಂಡು, ತಡವಾಯಿತೆಂಬ ಆತುರದಲ್ಲಿ ಕೊನೇ ಸ್ಟಾಪು ಎಕ್ಸಲೇಟರ್ ತುಳಿದ. ಕಾರು ಉಸಿರು ಹಿಡಿಯಿತು, ಬಿಕ್ಕಿತು, ಅವರ ಮನೆಯ ಗೇಟಿನ ಮುಂದೆಯೇ ನಿಂತುಬಿಟ್ಟಿತು. ಮತ್ತೆ ಸ್ಟಾರ್ಟ್ ಮಾಡಿ ತುಳಿದ. ಮತ್ತೆ ಅದೇ.

ಜನ ಸುತ್ತುಗಟ್ಟಿದರು. ಪಕ್ಕದ ಮನೆಯವನು ಬಾನೆಟ್ಟಿನ ಕಡೆ ತಿರುಗಿಯೂ ನೋಡದೆ ಹಿಂದಿನ ಗಾಜಿನಿಂದ ಹೆಣದ ಮುಖ ನೋಡಿದ. “ಕನ್ನಡಕ ಹಾಕಿಲ್ಲ. ಅದಿಲ್ದೆ ಅವರು ಯಾವತ್ತೂ ಗೇಟು ದಾಟಿದವರಲ್ಲ.”

ಕನ್ನಡಕ ಬಂತು. ಕಾರು ಬಿಕ್ಕಿತು.

“ಕೋಲು ತನ್ನಿ” ಎಂದ ಇನ್ನೊಬ್ಬ. ಕೋಲು ಬಂತು. ಕಾರು ಎರಡಡಿ ಕುಪ್ಪಳಿಸಿ ನಿಂತಿತು.

“ಹಾಂ, ಸ್ವಲ್ಪ ಗುಣ ಕಾಣ್ತಿದೆ” ಎಂದ ಪಕ್ಕದ ಮನೆಯವನು, ತಾನೇ ಔಷಧಿ ಬರೆದುಕೊಟ್ಟವನ ಹಾಗೆ.

ಕೊನೇ ಸ್ಟಾಪಿನ ಅಂಗಿ ಬೆನ್ನಿಗೆ ಅಂಟಿತ್ತು. “ಇದು ಕಾರಿನದು...” ಎಂದು ಬಾಯಿ ತೆಗೆದ.

ಸತ್ತವರ ತಂಗಿ, ಎಂಬತ್ತರ ಮುದುಕಿ, ಕಿಟಕಿಯೊಳಗೆ ತಲೆ ತೂರಿಸಿದಳು. “ನೀನು ಸುಮ್ನಿರಪ್ಪ. ನಿನಗೆ ಕಾರು ಗೊತ್ತು, ನನಗೆ ನಮ್ಮಣ್ಣ ಗೊತ್ತು.” ಆಮೇಲೆ ಹಿರಿಯ ಮಗನ ಕಡೆ ತಿರುಗಿದಳು. “ಏನೋ, ಹಿತ್ತಲ ಮನೆ ಪತ್ರ ಎಲ್ಲಿ?”

ಅಂಗಳದ ಮೂಲೆಯಲ್ಲಿ ಒಬ್ಬಳೇ ನಿಂತಿದ್ದ ಮಗಳು ತಲೆ ಎತ್ತಿದಳು. ಒಂಬತ್ತು ವರ್ಷ ಅಪ್ಪನ ಹಾಸಿಗೆ ಬದಲಿಸಿದವಳು. ಹಿತ್ತಲ ಮನೆಯನ್ನು ಅಪ್ಪ ಅವಳ ಹೆಸರಿಗೆ ಬರೆಸಿದ್ದು ಎಲ್ಲರಿಗೂ ಗೊತ್ತಿತ್ತು. ಪತ್ರ ಮಾತ್ರ ಒಂದು ತಿಂಗಳಿಂದ ಕಾಣೆಯಾಗಿತ್ತು.

“ನನಗೇನು ಗೊತ್ತು ಅತ್ತೆ” ಎಂದ ಮಗ.

ಕಾರು ಬಿಕ್ಕಿತು. ಆ ಕುಲುಕಿಗೆ ಹಿಂದಿನಿಂದ ಕೋಲು ಜಾರಿ ಬಂದು ಅವನ ಹೆಗಲಿಗೆ ತಾಗಿತು.

ಅವನ ಮುಖ ಹೆಣಕ್ಕಿಂತ ಬಿಳಿಚಿತು. “ನನ್ನ ಬೀರುವಲ್ಲಿದೆ ಅಪ್ಪಾ. ಕೊಡ್ತೀನಿ. ಸಂಜೆಯೊಳಗೆ ಅವಳ ಕೈಗೇ ಕೊಡ್ತೀನಿ.”

ಕೊನೇ ಸ್ಟಾಪು ಅಷ್ಟರಲ್ಲಿ ತುಳಿದು ತುಳಿದು ದಣಿದು, ಈ ಸಲ ಮೆತ್ತಗೆ ಒತ್ತಿದ. ಮೆತ್ತಗೆ ಒತ್ತಿದರೆ ಆ ಕಾರು ಎಂದೂ ಹಟ ಮಾಡುತ್ತಿರಲಿಲ್ಲ. ಹಂಸದ ಹಾಗೆ ತೇಲಿಹೋಯಿತು. ಹಿಂದೆ ಉಳಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಮಧ್ಯಾಹ್ನದ ಸವಾರಿಯಲ್ಲಿ ಹೀಗಾಗಬಾರದೆಂದು ಅವನು ಸ್ಮಶಾನದ ಗೋಡೆಯಾಚೆ, ಗುಮಾಸ್ತನ ಕಣ್ಣಿಗೆ ಬೀಳದಂತೆ ಕಾರು ನಿಲ್ಲಿಸಿ ಮೆಕ್ಯಾನಿಕ್ಕನ್ನು ಕರೆಸಿದ.

“ಸ್ಟಾರ್ಟಲ್ಲಿ ತೊಂದ್ರೆ ಇದೆಯಾ?”

“ಇಲ್ಲ.”

“ಒಂದೇ ವೇಗದಲ್ಲಿ ಹೋದ್ರೆ?”

“ಇಲ್ಲ. ಜೋರಾಗಿ ತುಳಿದಾಗ ಮಾತ್ರ.”

“ತುಳಿ, ನೋಡ್ತೀನಿ.”

ತುಳಿದಾಗ ಎಂಜಿನ್ ಒಂದು ಪಕ್ಕಕ್ಕೆ ವಾಲಿತು. ಅದು ವಾಲಿದ್ದೇ ತಡ, ಗಾಳಿ ಎಳೆಯುವ ದಪ್ಪ ರಬ್ಬರ್ ಪೈಪಿನ ಮಡಿಕೆಯಲ್ಲಿ ಒಂದು ಸೀಳು ಬಾಯಿ ಬಿಟ್ಟಿತು. ಕಾಲು ತೆಗೆದೊಡನೆ ಏನೂ ಅರಿಯದವರ ಹಾಗೆ ಮುಚ್ಚಿಕೊಂಡಿತು.

“ಇಲ್ಲಿಂದ ಕಳ್ಳಗಾಳಿ ನುಗ್ತಿದೆ. ಬರೋ ಪೆಟ್ರೋಲ್ ಸಾಲ್ತಿಲ್ಲ, ಅದಕ್ಕೇ ಬಿಕ್ಕೋದು. ಹೊಸ ಪೈಪು ಎಂಟುನೂರು” ಎಂದ ಮೆಕ್ಯಾನಿಕ್.

“ಹಾಗಾದ್ರೆ ಮೂವತ್ತೊಂದು ಸಾವಿರದ ಪಂಪು, ಪ್ಲಗ್ಗು?”

“ಅವು ಕೆಟ್ಟಿಲ್ಲ ಅಂತ ಗೊತ್ತಾಗೋಕೆ.”

ಹೊಸ ಪೈಪು ಕೂತಿತು. ಹಳೆಯದನ್ನು ಕೊನೇ ಸ್ಟಾಪು ತನ್ನ ಸೀಟಿನ ಕೆಳಗೆ ತುರುಕಿದ.

ಎರಡನೆಯ ಸವಾರಿ ಗಡಿಯಾರ ರಿಪೇರಿ ಮಾಡುತ್ತಿದ್ದ ಮುದುಕರದು. ಅವರ ಹೆಂಡತಿ ಗೇಟಿನ ಬಳಿ ಕಾದಿದ್ದರು. “ಬೆಳಿಗ್ಗೆ ಆ ಮನೆ ಮುಂದೆ ನಿಂತ ಕಾರು ಇದೇನಾ?”

“ಹೌದಮ್ಮ.”

“ನಲವತ್ತು ವರ್ಷ ಒಂದು ದಿನ ನನಗೆ ಹೇಳಿ ಹೊರಗೆ ಹೋದವರಲ್ಲ. ಇವತ್ತು ಒಂದು ಸಲ ನಿಂತ್ರೆ ಸಾಕು.”

ಕಾರಿಗೆ ಈಗ ನಿಲ್ಲುವ ಲಕ್ಷಣವೇ ಇರಲಿಲ್ಲ. ಕಾಲು ಮುಟ್ಟಿಸಿದರೆ ಮುಂದಕ್ಕೆ ಜಿಗಿಯುತ್ತಿತ್ತು. ಕನ್ನಡಿಯಲ್ಲಿ, ಗೇಟು ಹಿಡಿದು ನಿಂತ ಆ ಹೆಂಗಸು ಚಿಕ್ಕವರಾಗುತ್ತಾ ಹೋದರು. ಕೊನೇ ಸ್ಟಾಪಿಗೆ ತಡೆಯಲಾಗಲಿಲ್ಲ. ಬ್ರೇಕು ಒತ್ತಿ ಬಿಟ್ಟ. ಮತ್ತೊಮ್ಮೆ ಒತ್ತಿ ಬಿಟ್ಟ. ಮೂರನೆಯ ಸಲ ಕಾರು ನಿಂತಿತು.

ಅವರು ನಡೆದುಬಂದು ಹಿಂದಿನ ಗಾಜಿನ ಮೇಲೆ ಕೈಯಿಟ್ಟರು. “ಆಯ್ತು, ಹೋಗಿಬನ್ನಿ” ಎಂದರು.

ಹಿಂದೆ ಸ್ಕೂಟರಿನಲ್ಲಿದ್ದ ಆಕೆಯ ತಮ್ಮನ ಮಗ ಸ್ಮಶಾನದವರೆಗೂ ಕಾರಿನ ಬೆನ್ನು ಬಿಡಲಿಲ್ಲ. ಎಲ್ಲ ಮುಗಿದ ಮೇಲೆ ಸ್ಮಶಾನದ ಕಚೇರಿಗೆ ನುಗ್ಗಿದ. “ಕಾರು ತಾನಾಗಿ ನಿಂತ್ರೆ ಹಿಂದಿನ ಕೆಂಪು ದೀಪ ಯಾಕ್ರೀ ಹತ್ತುತ್ತೆ? ಮೂರು ಸಲ ಬ್ರೇಕ್ ಹಾಕಿದಾನೆ. ನಮ್ಮತ್ತೆ ಮುಂದೆ ನಾಟಕ.”

ಅಪ್ಪನ ಸಂಸ್ಕಾರದ ರಸೀದಿಗೆ ಬಂದಿದ್ದ ಮರದ ವ್ಯಾಪಾರಿಯ ಮಗ ಅಲ್ಲೇ ಇದ್ದ, ಪಕ್ಕದಲ್ಲಿ ಅವನ ತಂಗಿ. ಮನೆಪತ್ರದ ಲಕೋಟೆ ಅವನ ಕೈಯಿಂದ ಅವಳ ಕೈಗೆ ಅರ್ಧ ದಾರಿ ಬಂದಿತ್ತು. ಅದು ಅಲ್ಲೇ ನಿಂತಿತು.

“ಹಾಗಾದ್ರೆ ಬೆಳಿಗ್ಗೇದೂ ಬ್ರೇಕೇ” ಎಂದ ಅವನು, ಜೀವ ಬಂದವನ ಹಾಗೆ. “ಇಲ್ಲಾ ಕಾರೇ ಕೆಟ್ಟಿತ್ತು. ಏನೋ ಹೇಳೋಕೆ ಬಂದಿದ್ದ.”

ಸೀಟಿನ ಕೆಳಗಿನ ಪೈಪು ತಂದು ತೋರಿಸಿ, ಕಾರು ಕುಲುಕಿದ್ದಕ್ಕೇ ಬ್ರೇಕು ಹಾಕಿದೆ ಎಂದರೆ ಗುಮಾಸ್ತ ನಂಬುತ್ತಿದ್ದ. ನಂಬರು ಬೋರ್ಡಿನಲ್ಲಿ ಉಳಿಯುತ್ತಿತ್ತು. ಲಕೋಟೆ ಬೀರುವಿಗೆ ವಾಪಸು ಹೋಗುತ್ತಿತ್ತು. ಕೊನೇ ಸ್ಟಾಪು ಆ ತಂಗಿಯ ಕೈ ನೋಡಿದ. ಒಂಬತ್ತು ವರ್ಷ ಬಟ್ಟೆ ಒಗೆದ ಕೈ.

“ಮಧ್ಯಾಹ್ನ ಬ್ರೇಕ್ ಹಾಕಿದ್ದು ನಿಜ” ಎಂದ. “ಬೆಳಿಗ್ಗೆ ನೀವೇ ಪಕ್ಕದಲ್ಲಿ ಕೂತಿದ್ರಿ. ನನ್ನ ಕಾಲು ಎಲ್ಲಿತ್ತು?”

ಮಗ ಯೋಚಿಸಿದ. “ಎಕ್ಸಲೇಟರ್ ಮೇಲೆ.”

“ಕಾರು ಕೆಟ್ಟಿದೆಯಾ ಅಂತ ಇವರನ್ನೇ ಕೇಳಿ.”

“ಎಲ್ಲಿ ಕೆಟ್ಟಿದೆ?” ಎಂದ ಸ್ಕೂಟರಿನವನು ರೋಷದಿಂದ. “ಬೆಣ್ಣೆ ಹಾಗೆ ಹೋಗುತ್ತೆ. ಅದಕ್ಕೇ ಹೇಳ್ತಿರೋದು, ಬೇಕಂತಲೇ ನಿಲ್ಲಿಸಿದಾನೆ.”

ಮಗ ಹೊರಗೆ ನಿಂತ ಕಪ್ಪು ಕಾರನ್ನು ನೋಡಿದ. ಹೆಗಲು ಮುಟ್ಟಿಕೊಂಡ. ಲಕೋಟೆ ಉಳಿದರ್ಧ ದಾರಿ ನಡೆಯಿತು.

ಗುಮಾಸ್ತ ಆಗಲೇ ಒದ್ದೆ ಬಟ್ಟೆ ಹಿಡಿದು ಬೋರ್ಡಿನತ್ತ ಹೊರಟಿದ್ದ. ಕೊನೇ ಸ್ಟಾಪು ಮಗನ ಕಡೆ ತಿರುಗಿದ. “ಸಾರ್, ನೀವಾದ್ರೂ ಒಂದು ಮಾತು ಹೇಳಿ.”

“ಹೇಳ್ತೀನಿ” ಎಂದು ಮಗ ಗುಮಾಸ್ತನನ್ನು ಕರೆದ. “ಈ ಕಾರು ಇನ್ಮೇಲೆ ನಮ್ಮ ಬೀದಿಗೆ ಬರಬಾರದು. ನಮ್ಮಮ್ಮ ಇನ್ನೂ ಇದಾರೆ. ಅವರ ಒಡವೆ ವಿಷಯ ಬೇರೆ ಇದೆ.”

ಬೋರ್ಡು ಸ್ವಚ್ಛವಾಯಿತು. ಮಗಳಿಗೆ ಮನೆ ಸಿಕ್ಕಿತು. ಗಡಿಯಾರದವರ ಹೆಂಡತಿಗೆ ಯಾರೂ ಏನೂ ಹೇಳಲಿಲ್ಲ. ಕೊನೇ ಸ್ಟಾಪಿಗೆ ಒತ್ತಿದೊಡನೆ ಓಡುವ ಕಾರು ಉಳಿಯಿತು, ಅದರಲ್ಲಿ ಮಲಗುವವರು ಯಾರೂ ಉಳಿಯಲಿಲ್ಲ. ಅವನ ಹೆಂಡತಿಗೆ ಒಂದು ಹೊಲಿಗೆ ಯಂತ್ರ ಉಳಿಯಿತು.