ಕೀ ನನ್ನ ಕೈಯಲ್ಲಿ, ಎಂಜಿನ್ ತನ್ನ ಪಾಡಿಗೆ

ನಮ್ಮ ಹಳೇ ಪಿಕಪ್ ಗಾಡಿಯ ಡೀಸೆಲ್ ಎಂಜಿನ್ನನ್ನು ನಾನೇ ಬಿಚ್ಚಿ, ನಾನೇ ಕಟ್ಟಿ, ನಾನೇ ಮತ್ತೆ ಅದರ ಜಾಗದಲ್ಲಿ ಕೂರಿಸುತ್ತೇನೆ ಎಂದು ಊಟದ ಮೇಜು ಗುದ್ದಿ ಘೋಷಿಸಿದ ದಿನ ನಾನು ಬಹಳ ದೊಡ್ಡ ಮನುಷ್ಯನಾಗಿದ್ದೆ. ಆಮೇಲೆ ದಿನೇ ದಿನೇ ಸಣ್ಣವನಾಗುತ್ತಾ ಬಂದೆ.

ಗಾಡಿ ನನ್ನ ಹೆಂಡತಿಯದು. ಮಾವನವರು ಬಿಟ್ಟುಹೋದ ಆಸ್ತಿ ಎಂದರೆ ಮನೆಯ ಹಿಂದಿನ ಸಸಿಗಳ ನರ್ಸರಿ, ಈ ಪಿಕಪ್ ಮತ್ತು ಹೆಂಡತಿಯ ತಮ್ಮ. ನರ್ಸರಿ ಮತ್ತು ತಮ್ಮ ಹುಲುಸಾಗಿ ಬೆಳೆಯುತ್ತಿದ್ದರು. ಪಿಕಪ್ ಮಾತ್ರ ಕಪ್ಪು ಹೊಗೆ ಉಗುಳಿ ಉಗುಳಿ ಒಂದು ದಿನ ಗೇಟಿನ ಮುಂದೆಯೇ ಮಲಗಿಬಿಟ್ಟಿತು. ಅದೇ ಹೊತ್ತಿಗೆ ಅವಳಿಗೊಂದು ಒಳ್ಳೆ ಆರ್ಡರ್ ಸಿಕ್ಕಿತ್ತು. ಹೊಸ ಆಸ್ಪತ್ರೆಯೊಂದರ ಅಂಗಳಕ್ಕೆ ಗಿಡಗಳನ್ನೆಲ್ಲ ಅವಳೇ ಒಪ್ಪಿಸಬೇಕಿತ್ತು.

"ರೀ, ಸುಮ್ನೆ ಗ್ಯಾರೇಜಿಗೆ ಕೊಡೋಣ," ಅಂದಳು.

"ಗ್ಯಾರೇಜಿನವರಿಗೂ ಎರಡೇ ಕೈ ಇರೋದು. ನನಗೂ ಅಷ್ಟೇ ಇವೆ."

"ಅವರ ಕೈಗೆ ಕೆಲಸ ಗೊತ್ತು. ನಿಮ್ಮ ಕೈಗೆ ಪುಟ ತಿರುಗಿಸೋದು ಗೊತ್ತು."

ನಾನು ಗ್ರಂಥಪಾಲಕ. 'ನಿಶ್ಶಬ್ದ' ಎಂಬ ಬೋರ್ಡಿನ ಕೆಳಗೆ ಕೂತು ಸಂಬಳ ತೆಗೆದುಕೊಳ್ಳುವವನು. ಡೀಸೆಲ್ ಎಂಜಿನ್ ಬಗ್ಗೆ ನಮ್ಮಲ್ಲಿದ್ದ ದಪ್ಪ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದಿದ್ದೆ. ಓದಿದವನನ್ನು ತಡೆಯುವುದು ಕಷ್ಟ.

ಬಿಚ್ಚುವುದೇನೋ ಸುಲಭವಾಗಿಯೇ ಆಯಿತು. ಬಾವಮೈದನಿಗೆ ಶಾಲೆಯಲ್ಲಿ ಮಕ್ಕಳಿಗೆ ವ್ಯಾಯಾಮ ಹೇಳಿಕೊಡುವ ಕೆಲಸ. ತೋಳು ನನ್ನ ತೊಡೆಯಷ್ಟಿದೆ. ಶೆಡ್ಡಿನ ತೊಲೆಗೆ ಚೈನ್ ಪುಲ್ಲಿ ಕಟ್ಟಿ ಎಂಜಿನ್ನನ್ನು ಮೇಲೆತ್ತಿದಾಗ ಅದು ಹಲ್ಲು ಕಿತ್ತ ಆನೆಯ ಹಾಗೆ ನೇತಾಡಿತು. ಪಿಸ್ಟನ್‌ಗಳು ಅಡುಗೆಮನೆಯ ಕಟ್ಟೆಗೆ ಬಂದವು. ವಾಲ್ವುಗಳು ಕಿಟಕಿಯಲ್ಲಿ ಸಾಲಾಗಿ ನಿಂತವು. ಹೆಂಡತಿ ಒಂದು ಬೆಳಿಗ್ಗೆ ಸಕ್ಕರೆ ಡಬ್ಬ ಅಂತ ತೆಗೆದು ಕಾಫಿಗೆಂದು ಅದರೊಳಗೆ ಚಮಚ ಅದ್ದಿದರೆ ಬಂದದ್ದು ಗ್ರೀಸ್. ಚಮಚವನ್ನು ನನ್ನ ಲೋಟದಲ್ಲೇ ಇಟ್ಟು ಹೋದಳು.

ಸವೆದ ಸಿಲಿಂಡರುಗಳನ್ನು ಲೇತ್ ಕೆಲಸದವನ ಹತ್ತಿರ ಕೊರೆಸಿ ತಂದೆವು. ಹೊಸ ರಿಂಗು, ಹೊಸ ಬೇರಿಂಗು, ಹೊಸ ಗ್ಯಾಸ್ಕೆಟ್ಟು ಹಾಕಿದೆವು. ಎಂಜಿನ್ನನ್ನು ಮತ್ತೆ ಇಳಿಸುವಾಗ ಮಾತ್ರ ಅದು ಗೇರ್ ಬಾಕ್ಸಿನ ಜೊತೆ ಸಂಬಂಧವೇ ಬೇಡ ಎಂದು ಹಟ ಹಿಡಿಯಿತು. ಒಂದಿಡೀ ಮಧ್ಯಾಹ್ನ ತಳ್ಳಿದೆವು, ಎಳೆದೆವು, ಗೋಗರೆದೆವು. ಕೊನೆಗೆ ಬಾವಮೈದ ಬೇಸರದಿಂದ ಸೊಂಟದಲ್ಲಿ ಒಂದು ಸಲ ಒತ್ತಿದ. ಟಕ್ಕಂತ ಕೂತಿತು.

ಮಾರನೇ ದಿನವೇ ಗಿಡ ಒಪ್ಪಿಸಬೇಕಿದ್ದ ಕೊನೆಯ ದಿನ. ಏರ್ ಫಿಲ್ಟರ್ ಒಂದನ್ನು ಇನ್ನೂ ಹಾಕಿರಲಿಲ್ಲ. ಎಂಜಿನ್ ಗಾಳಿ ಎಳೆದುಕೊಳ್ಳುವ ಪೈಪು ಬಾಯಿ ತೆರೆದುಕೊಂಡೇ ಇತ್ತು. "ಒಂದು ಸಲ ಶುರು ಮಾಡಿ ನೋಡಿಬಿಡೋಣ," ಅಂದೆ. ಹೆಂಡತಿ ಸಸಿ ಇಡುವ ಮರದ ಹಲಗೆಯನ್ನು ಕೈಯಲ್ಲಿ ಹಿಡಿದೇ ಬಂದು ಬಾನೆಟ್ಟಿನ ಪಕ್ಕ ನಿಂತಳು. ಪಕ್ಕದ ಮನೆಯ ನಿವೃತ್ತ ಹೆಡ್‌ಮೇಡಂ ಕಾಂಪೌಂಡಿನ ಮೇಲಿಂದ ಇಣುಕಿದರು.

ಕೀ ತಿರುಗಿಸಿದೆ. ಎಂಜಿನ್ ಕೆಮ್ಮಿತು, ಸೀನಿತು, ಗಡಗಡ ಅಂದು ಓಡಲು ಶುರುವಾಯಿತು. ನನಗೆ ಕಣ್ಣು ತುಂಬಿ ಬಂತು. ಹೆಂಡತಿ ನಕ್ಕಳು. ಆ ನಗು ನೋಡಿ ಎಷ್ಟೋ ದಿನವಾಗಿತ್ತು.

ಆಮೇಲೆ ಸದ್ದು ಏರತೊಡಗಿತು. ನಾನು ಆಕ್ಸಿಲರೇಟರ್ ಮುಟ್ಟಿರಲಿಲ್ಲ.

"ಸಾಕು ರೀ, ಆಫ್ ಮಾಡಿ."

ಕೀ ತಿರುಗಿಸಿದೆ. ನಿಲ್ಲಲಿಲ್ಲ. ಕೀ ಕಿತ್ತು ಕೈಯಲ್ಲಿ ಹಿಡಿದುಕೊಂಡೆ. ಎಂಜಿನ್ ಇನ್ನೂ ಜೋರಾಗಿ ಕಿರುಚಿತು.

"ಆಫ್ ಮಾಡಿ ಅಂದ್ನಲ್ಲ!"

"ಮಾಡಿದೀನಿ ಕಣೇ. ಕೀ ಇಲ್ಲಿದೆ ನೋಡು."

"ಮತ್ತೆ ಇದ್ಯಾವ ಕೀಯಲ್ಲಿ ಓಡ್ತಿದೆ?"

ಬಾವಮೈದ ಬ್ಯಾಟರಿಯ ವಯರ್ ಕಿತ್ತ. ಎಂಜಿನ್ ಕ್ಯಾರೇ ಅನ್ನಲಿಲ್ಲ. ಡೀಸೆಲ್ ಪೈಪನ್ನೇ ಕಿತ್ತ. ಡೀಸೆಲ್ ನೆಲಕ್ಕೆ ಸುರಿಯಿತು, ಎಂಜಿನ್ ಅದಿಲ್ಲದೆಯೂ ಓಡಿತು. ಕುಡಿಯಲು ಏನೂ ಕೊಡದಿದ್ದರೂ ಏನನ್ನೋ ಕುಡಿದು ಅಮಲೇರಿಸಿಕೊಂಡು ಕುಣಿಯುತ್ತಿತ್ತು. ಬಿಳೀ ಹೊಗೆ ಶೆಡ್ ತುಂಬಿ, ಅಂಗಳ ತುಂಬಿ, ಬೀದಿಗೆ ನುಗ್ಗಿತು. ಹೆಡ್‌ಮೇಡಂ ಮುಖ ಕಾಂಪೌಂಡಿನ ಮೇಲೆ ಮೋಡದಲ್ಲಿ ಮುಳುಗಿತು. ಗಾಡಿ ಗಡಗಡ ನಡುಗುತ್ತಿತ್ತು. ಇನ್ನೊಂದು ಗಳಿಗೆ ಬಿಟ್ಟರೆ ಎಂಜಿನ್ ಸಿಡಿದು ಚೂರುಚೂರಾಗುವುದು ಖಂಡಿತ.

ಆಗ ಪುಸ್ತಕದ ಒಂದು ಸಾಲು ನೆನಪಾಯಿತು. ಡೀಸೆಲ್ ಎಂಜಿನ್ ಹೀಗೆ ಹುಚ್ಚೆದ್ದು ಓಡಿದರೆ ಅದರ ಗಾಳಿ ತಡೆಯಬೇಕು. ಪೈಪಿನ ಬಾಯಿ ಮುಚ್ಚಬೇಕು. ಪೈಪಿನ ಪಕ್ಕದಲ್ಲೇ ಹೆಂಡತಿ ಇದ್ದಳು, ಕೈಯಲ್ಲಿ ಹಲಗೆಯೂ ಇತ್ತು. ಜೀವಮಾನದ ಅಷ್ಟೂ ನಿಶ್ಶಬ್ದವನ್ನು ಒಂದೇ ಸಲಕ್ಕೆ ಖರ್ಚು ಮಾಡಿ ಕಿರುಚಿದೆ:

"ಬಾಯಿ ಮುಚ್ಚೇ!"

ಅವಳು ಕಲ್ಲಾದಳು. ಮದುವೆಯಾದಾಗಿನಿಂದ ನಾನು ಅವಳ ಮುಂದೆ ದನಿ ಎತ್ತಿದವನಲ್ಲ. ಆ ಗದ್ದಲದಲ್ಲಿ 'ಪೈಪು' ಎಂಬ ಮಾತು ಹೊಳೆಯಲೇ ಇಲ್ಲ ನನಗೆ.

"ಏನಂದ್ರಿ?" ಎಂದು ಅವಳ ತುಟಿ ಅಲುಗಿದ್ದು ಕಂಡಿತು.

"ಬಾಯಿ! ಬಾಯಿ ಮುಚ್ಚು!"

ಅಲ್ಲಿಯವರೆಗೂ 'ಬಾವ, ಬಾವ' ಎಂದು ಕೂಗುತ್ತಿದ್ದ ಬಾವಮೈದ ಎರಡೂ ಕೈಯಿಂದ ತನ್ನ ಬಾಯಿ ಮುಚ್ಚಿಕೊಂಡ. ಹೆಂಡತಿ ನನ್ನನ್ನೇ ದಿಟ್ಟಿಸುತ್ತಿದ್ದಳು. ಇನ್ನು ಕಾಯುವ ಹಾಗಿರಲಿಲ್ಲ. ಹಾರಿ ಹೋಗಿ ಅವಳ ಕೈಯಿಂದ ಹಲಗೆ ಕಿತ್ತುಕೊಂಡು ಪೈಪಿನ ಬಾಯಿಗೆ ಬಡಿದೆ. ಹಲಗೆ ಗಪ್ಪಂತ ಕಚ್ಚಿಕೊಂಡಿತು. ಎಂಜಿನ್ ಗೊಕ್ ಅಂತು, ಒದರಿತು, ಒಮ್ಮೆಲೇ ನಿಂತಿತು.

ನಾನು ಮಾತ್ರ ನಿಂತಿರಲಿಲ್ಲ. ಶುರು ಮಾಡಿದ್ದ ವಾಕ್ಯ ಇನ್ನೂ ಗಂಟಲಲ್ಲಿತ್ತು. ಸೂಜಿ ಬಿದ್ದರೂ ಕೇಳುವಂಥ ಆ ಮೌನದೊಳಗೆ ಅದು ಬೀದಿಯ ಕೊನೆಯವರೆಗೂ ಮೊಳಗಿತು:

"ಎಷ್ಟು ಸಲ ಹೇಳ್ಬೇಕೇ, ಬಾಯಿ ಮುಚ್ಚೂ!"

ಹೊಗೆ ತೆಳುವಾಯಿತು. ಗೇಟಿನ ಹೊರಗೆ ಅರ್ಧ ಬೀದಿ ನೆರೆದಿತ್ತು. ಯಾರೂ ಉಸಿರೆತ್ತಲಿಲ್ಲ.

ಹೆಂಡತಿ ಕೈಯ ಮಣ್ಣು ಕೊಡವಿಕೊಂಡು ಮೆಲ್ಲಗೆ ಅಂದಳು: "ಬೀದಿಯವರೆಲ್ಲ ಮುಚ್ಚಿದಾರೆ. ಇನ್ನು ನೀವೊಬ್ಬರೇ ಬಾಕಿ."

"ಪೈಪಿನ ಬಾಯಿ ಕಣೇ ನಾನಂದಿದ್ದು."

"ಪೈಪಿಗೆ 'ಮುಚ್ಚೇ' ಅಂತಾರಾ?" ಎಂದರು ಕಾಂಪೌಂಡಿನ ಮೇಲಿಂದ ಹೆಡ್‌ಮೇಡಂ. ಕಣ್ಣೆಲ್ಲ ಹೊಗೆಯಿಂದ ಕೆಂಪಾಗಿದ್ದರೂ ಅವರ ವ್ಯಾಕರಣ ಶುದ್ಧವಾಗಿಯೇ ಇತ್ತು.

ನಾನು ಎಲ್ಲರ ಮುಂದೆ ಎದೆ ಮೇಲೆ ಕೈಯಿಟ್ಟು ಹೇಳಿದೆ: "ನೋಡಿ, ಆ ಮಾತು ಇವತ್ತಿನವರೆಗೂ ನಾನು ಯಾರಿಗೂ ಅಂದವನಲ್ಲ."

ಜನ ಚದುರಿದ ಮೇಲೆ ಎಂಜಿನ್ನಿನ ಆಯಿಲ್ ಅಳೆಯುವ ಕಡ್ಡಿ ಎಳೆದು ನೋಡಿದೆ. ಆಯಿಲ್ ಗುರುತು ದಾಟಿ ಎಷ್ಟೋ ಮೇಲಿತ್ತು. ಹಾಗಾದರೆ ಎಂಜಿನ್ ಕುಡಿದದ್ದು ತನ್ನದೇ ಹೆಚ್ಚುವರಿ ಆಯಿಲ್ಲನ್ನು.

"ನಾನು ಒಂದು ಡಬ್ಬಿ ಪೂರ್ತಿ ಹಾಕಿದ್ದೆ," ಅಂದೆ. "ಇನ್ನೊಂದು ಯಾರು ಸುರಿದಿದ್ದು?"

ಬಾವಮೈದ ಬಾಯಿಂದ ಕೈ ತೆಗೆದ. "ನಾನು. ನಿಮಗಿಂತ ಮೊದಲೇ ಹಾಕಿದ್ದೆ ಬಾವ."

"ನಾನು ಸುರಿಯುವಾಗ ಪಕ್ಕದಲ್ಲೇ ಇದ್ಯಲ್ಲಯ್ಯಾ, ಹೇಳೋಕೇನಾಗಿತ್ತು?"

"ಹೇಳೋಕೆ ಬಂದೆ. 'ಓದಿದವನು ನಾನು, ನೀನು ಬಾಯಿ ಮುಚ್ಚು' ಅಂದ್ರಿ."

ಹೆಂಡತಿ ನನ್ನ ಎದೆಯ ಕಡೆ ನೋಡಿದಳು. ಎಡಗೈ ಇನ್ನೂ ಅಲ್ಲೇ ಇತ್ತು. ತೆಗೆದುಬಿಟ್ಟೆ.

ಆ ಸಂಜೆ ಹೆಚ್ಚಾದ ಆಯಿಲ್ ಬಸಿದೆವು, ಕಿತ್ತ ವಯರು, ಡೀಸೆಲ್ ಪೈಪು ಮತ್ತೆ ಜೋಡಿಸಿದೆವು. ಎಂಜಿನ್ನಿನ ಕೆಳಗಿನ ಆಯಿಲ್ ತಟ್ಟೆ ಬಿಚ್ಚಿ ನೋಡಿದರೆ, ಪುಣ್ಯಕ್ಕೆ ಏನೂ ಮುರಿದಿರಲಿಲ್ಲ. ಏರ್ ಫಿಲ್ಟರ್ ಕೂರಿಸಿದ್ದು ಬಾವಮೈದ. ಬೆಳಿಗ್ಗೆ ಕೀ ತಿರುಗಿಸಿದ್ದು ಹೆಂಡತಿ. ಎಂಜಿನ್ ಕೆಮ್ಮಲಿಲ್ಲ, ಸೀನಲಿಲ್ಲ. ಹೊಲಿಗೆ ಯಂತ್ರದ ಹಾಗೆ ಮೆತ್ತಗೆ ಓಡಿತು. ನಾನು ಕಟ್ಟಿದ ಎಂಜಿನ್! ಹಿಂದೆ ಗಿಡ ತುಂಬಿತ್ತು, ಮುಂದೆ ಅಕ್ಕ ತಮ್ಮ ಕೂತಿದ್ದರು. ನಾನೂ ಹತ್ತೋಣವೆಂದು ಇಸ್ತ್ರಿ ಅಂಗಿ ಹಾಕಿಕೊಂಡು ಓಡಿ ಬಂದೆ.

ಗಾಡಿ ಬೀದಿಗಿಳಿಸಿ ಅವಳು ಕಿಟಕಿಯಿಂದ ತಲೆ ಹೊರಗೆ ಹಾಕಿದಳು.

"ರೀ, ಗೇಟು ಮುಚ್ಚಿ ಬನ್ನಿ."

ಗೇಟು ಮುಚ್ಚಿ, ಚಿಲಕ ಹಾಕಿ ತಿರುಗಿದೆ. ಪಿಕಪ್ ಆಗಲೇ ಬೀದಿಯ ತಿರುವು ದಾಟಿತ್ತು. ಸ್ವಲ್ಪವೂ ಹೊಗೆ ಇರಲಿಲ್ಲ.